ಹಳೇ ನಂಬರು, ಹೊಸ ನಂಬರು

ಕಬ್ಬನ್‌ಪೇಟೆ. ಬಾಗಿಲ ಮೇಲೆ ಹಳೇ ನಂಬರು ನಲವತ್ತೊಂದು,
ಅದಕ್ಕೆ ಗೀಟು ಎಳೆದು, ಹೊಸ ನಂಬರು ಏಳು.
ಒಳಗೆ ಆರು ಮಗ್ಗ ಲಟಪಟ ಬಡಿಯುತ್ತಿವೆ,
ಏಳನೆಯದು ಬಾಯಿ ಮುಚ್ಚಿ ಇವತ್ತಿಗೆ ಒಂಬತ್ತು ದಿನ.

ಅದರ ನೆತ್ತಿಯ ಪೆಟ್ಟಿಗೆಯಿಂದ ಬಿಚ್ಚಿದ ಹಸಿರು ಹಲಗೆಯನ್ನು
ಅಂಬಾಸಾ ಅವರ ಬಾಕಿ ಪುಸ್ತಕದ ಮೇಲೆ ಅಂಗಾತ ಮಲಗಿಸಿದ್ದೇನೆ.
ಎಲ್ಲಿಯದೋ, ಯಾರು ಮಾಡಿದ್ದೋ,
ಚಿಪ್ಪಿನ ಬೆನ್ನ ಮೇಲಿದ್ದ ಹೆಸರನ್ನು
ಉಪ್ಪುಕಾಗದದಲ್ಲಿ ಉಜ್ಜಿ ಕಳಿಸಿದ್ದಾರೆ ಪುಣ್ಯಾತ್ಮರು.
ಕಂಪನಿ ಮುಚ್ಚಿದೆ. ಹಳೇ ಕಾರ್ಡು ಸುಟ್ಟಿದೆ.
ಹೊಸ ಕರ್ನಲ್ಲು ನಾನೇ ಕಟ್ಟಿದ್ದು, ಅಂದಾಜಿನ ಮೇಲೆ.

ಎಸ್.ಪಿ. ರೋಡಿನಲ್ಲಿ ನೂರ ಎಂಬತ್ತಕ್ಕೆ ಕೊಂಡ ಸೀರಿಯಲ್ ಕೇಬಲ್ಲು.
ಮೂರು ತಂತಿ: ಒಂದು ಹೇಳಲು, ಒಂದು ಕೇಳಲು, ಒಂದು ನೆಲಕ್ಕೆ.
ಬೂಟ್‌ಲೋಡರು ಸಲೀಸಾಗಿ ಒದರುತ್ತದೆ,
ಗಡಿಯಾರ ಸರಿ, ಕಾರ್ಡು ಸಿಕ್ಕಿತು, ಕರ್ನಲ್ ಶುರು
ಆಮೇಲೆ ಮೂರು ಚುಕ್ಕಿ.
ಆಮೇಲೆ ಮಿಣುಕುವ ಕರ್ಸರು.
ಆಮೇಲೆ ನಾನು, ನನ್ನ ಆರಿದ ಕಾಫಿ.

"ಸತ್ತಿದೆಯಾ ಫಿಲೋಮಿನಾ?" ಕನ್ನಡಕದ ಮೇಲಿಂದ ಅಂಬಾಸಾ.
"ಗೊತ್ತಿಲ್ಲ ಸರ್. ಮಾತಾಡ್ತಿಲ್ಲ, ಅಷ್ಟೇ."

ಎರಡು ಸಾವಿರದ ನಾನೂರು ಎಳೆಯ ಹಾಸಿನಲ್ಲಿ
ಒಂದು ಕಡಿದರೆ ಅವರು ಎಣಿಸುವುದಿಲ್ಲ.
ಅರ್ಧಕ್ಕೆ ಕೈ ಹಾಕುತ್ತಾರೆ. ಈ ಕಡೆ ಬಿಗಿ ಇದೆಯೇ? ಸರಿ, ಆ ಕಡೆ.
ಅದರರ್ಧ. ಅದರ ಇನ್ನರ್ಧ. ಬೆರಳಿಗೆ ಸಡಿಲು ಸಿಗುವವರೆಗೆ.

ನಾನೂ ಹಾಗೇ ಮಾಡಿದೆ.
ಹಲಗೆಯ ಮೂಲೆಯಲ್ಲಿ ಎಳ್ಳಿನಷ್ಟು ಕೆಂಪು ದೀಪ.
ಕರ್ನಲ್ಲಿನ ನಟ್ಟನಡುವೆ ಒಂದು ಸಾಲು ಬರೆದೆ,
ಇಲ್ಲಿಗೆ ಬಂದರೆ ದೀಪ ಹಚ್ಚು.
ಹಚ್ಚಿತು.
ಮುಂದಕ್ಕೆ ಸರಿಸಿದೆ, ಮತ್ತೆ ಕಟ್ಟಿದೆ, ಮತ್ತೆ ತುಂಬಿದೆ. ಹಚ್ಚಿತು.
ಇನ್ನೂ ಮುಂದೆ, ಮಾತಿನ ಬಾಗಿಲು ತೆರೆಯುವ ಸಾಲನ್ನೂ ದಾಟಿ.
ಅಲ್ಲೂ ಹಚ್ಚಿತು, ಕೆಂಪಗೆ, ಯಾವ ಅನುಮಾನವೂ ಇಲ್ಲದೆ.

ಹಾಗಾದರೆ ಇದು ಮಾತಾಡುತ್ತಿದೆ.
ಯಾರ ಹತ್ತಿರ?

ಹಲಗೆ ಮಗುಚಿ, ಟಾರ್ಚು ಕಚ್ಚಿಕೊಂಡು, ಹಲ್ಲುಜ್ಜುವ ಬ್ರಷ್ಷಿನಲ್ಲಿ
ಕಂದು ಅಂಟನ್ನು ತಿಕ್ಕಿದರೆ
ಎಡದಂಚಿಗೆ ಹೆಸರಿಲ್ಲದ ನಾಲ್ಕು ತವರದ ಚುಕ್ಕಿ.
ಮೊದಲನೆಯದಕ್ಕೆ ತಂತಿ ಮುಟ್ಟಿಸಿದೆ. ಏನೂ ಇಲ್ಲ.
ಎರಡನೆಯದಕ್ಕೆ ಮುಟ್ಟಿಸಿದ್ದೇ ತಡ
ಪರದೆ ತುಂಬ ಸಾಲು, ಸಾಲು, ಸಾಲು,
ಓದಲು ಆಗದಷ್ಟು ಅವಸರ,
ಕೊನೆಗೆ ಗಾಬರಿಯ ಒಂದು ಕೂಗು, ನಿಂತಿತು.

ನಲವತ್ತು ಸಲ ನಾನು ಸ್ವಿಚ್ಚು ಒತ್ತಿದ್ದೆ.
ನಲವತ್ತು ಸಲವೂ ಅದು ಎದ್ದು, ಎಲ್ಲಿ ಮುಗ್ಗರಿಸಿದೆನೆಂದು
ವಿಳಾಸ ಸಮೇತ ಹೇಳಿ ಬಿದ್ದಿತ್ತು.
ನಾನು ಎದುರು ಮನೆಯ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆ.

ತಪ್ಪು ನನ್ನ ನಕ್ಷೆಯದೇ. ಮೆಮೊರಿ ಇನ್ನೂರ ಐವತ್ತಾರು ಎಂದು ಬರೆದಿದ್ದೆ,
ಬೆಸೆದಿರುವುದು ನೂರ ಇಪ್ಪತ್ತೆಂಟು.
ನಮ್ಮೂರಲ್ಲಿ ಪ್ಲಾನಿಗೆ ಎರಡು ಮಹಡಿ, ಕಟ್ಟುವುದು ನಾಲ್ಕು.
ಇಲ್ಲಿ ಉಲ್ಟಾ. ಮೇಲೊಂದು ಮಹಡಿ ಇದೆಯೆಂದು ನನ್ನ ಮಾತು ನಂಬಿ
ಪಾಪ, ಮೆಟ್ಟಿಲು ಹತ್ತಿ ಕಾಲಿಟ್ಟರೆ ಬರೀ ಆಕಾಶ.

ಒಂದು ಅಂಕಿ ತಿದ್ದಿದೆ.
ಹನ್ನೊಂದೂ ಮುಕ್ಕಾಲಿಗೆ ಎದ್ದು ನಿಂತು ತಾರೀಖು ಒಪ್ಪಿಸಿತು:
ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತು.
"ಆಗ ಇದೇ ಜಾಗದಲ್ಲಿ ಕುಣಿಮಗ್ಗ ಇತ್ತು" ಎಂದರು ಅಂಬಾಸಾ,
ತಾರೀಖು ತಪ್ಪೆಂದು ಅವರಿಗೆ ಅನ್ನಿಸಲೇ ಇಲ್ಲ.
ಕೊಕ್ಕೆಗಳು ಎದ್ದವು. ಸೆರಗಿನ ಹಂಸಕ್ಕೆ ಕೊಕ್ಕು ಬಂತು,
ಕಣ್ಣು ಮಾತ್ರ ಒಂದೆಳೆ ಪಕ್ಕಕ್ಕೆ. ಅದು ನಾಳೆಗೆ.

ಪೆಟ್ಟಿಗೆ ಮುಚ್ಚುವ ಮುಂಚೆ ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ಬರೆದೆ,
ಮುಂದೆ ಬಿಚ್ಚುವವರು ಯಾರೋ, ಅವರಿಗೆ:
ಹಳೇ ನಂಬರು ೨೫೬, ಅದಕ್ಕೊಂದು ಗೀಟು. ಹೊಸ ನಂಬರು ೧೨೮.
ಮಾತಾಡಿಸುವುದಾದರೆ ಹಿತ್ತಲ ಬಾಗಿಲಿಗೆ ಬನ್ನಿ.